ಉಳ್ಳಾಲದ ಅಬ್ಬಕ್ಕದೇವಿ: ಒಬ್ಬಳೋ, ಇಬ್ಬರೋ?

ಕಡಬ ಸೀಮೆಯ ಬೆಟ್ಟದ ನೀರನ್ನು ಹೊತ್ತು ಬರುವ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಸುಳ್ಯದ ಪಯಸ್ವಿನಿ ಮಾತ್ರ ಬೇರೆ ದಾರಿ ಹಿಡಿದು ಚಂದ್ರಗಿರಿಯೊಡನೆ ಕಾಸರಗೋಡಿನ ಕಡಲಿಗೆ ಇಳಿಯುತ್ತದೆ. ನೇತ್ರಾವತಿ ಸಮುದ್ರವನ್ನು ಸೇರುವ ಅಳಿವೆಯ ತೆಂಕಣ ದಡವೇ ಉಳ್ಳಾಲ. ಸೋಮೇಶ್ವರದ ಬಂಡೆಗಳಿಗೆ ತೆರೆಗಳು ಅಪ್ಪಳಿಸುವ ಈ ತೀರ ಮೊಗವೀರರ ನೆಲೆ. ಆದರೆ ಪೋರ್ಚುಗೀಸರ ಕಣ್ಣು ಇದ್ದದ್ದು ಮೀನಿನ ಮೇಲಲ್ಲ, ಒಳನಾಡಿನಿಂದ ಬರುತ್ತಿದ್ದ ಮೆಣಸು ಮತ್ತು ಅಕ್ಕಿಯ ಮೇಲೆ.

ಉಳ್ಳಾಲವನ್ನು ಆಳಿದ ಚೌಟರು ಜೈನರು. ಆದರೂ ಪಟ್ಟಕ್ಕೆ ಅವರು ಅನುಸರಿಸಿದ್ದು ತುಳುನಾಡಿನ ಅಳಿಯಸಂತಾನದ ಕಟ್ಟಳೆಯನ್ನು. ಹೆಣ್ಣಿನ ಮೂಲಕ ಸಾಗುವ ಈ ವಂಶಕ್ರಮದಲ್ಲಿ ರಾಣಿಯೊಬ್ಬಳು ಸ್ವತಂತ್ರವಾಗಿ ಆಳಿದ್ದು ಆಶ್ಚರ್ಯವೇನಲ್ಲ. 1568ರಲ್ಲಿ ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿದಾಗ ಅವರನ್ನು ಎದುರಿಸಿ ನಿಂತಿದ್ದವಳೂ ಉಳ್ಳಾಲದ ರಾಣಿಯೇ.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಇಕ್ಕೇರಿಯನ್ನು ಕಂಡು, ಬಳಿಕ ಉಳ್ಳಾಲದ ರಾಣಿಯನ್ನು ಭೇಟಿಯಾದನು. ಭೇಟಿ ನಡೆದದ್ದು ಕಡಲ ತೀರದಲ್ಲಲ್ಲ, ಒಳನಾಡಿನ ಮಣೇಲಿನಲ್ಲಿ. ತಾನು ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಆಕೆ ಬರಿಗಾಲಿನಲ್ಲಿ, ಬಿಳಿಯ ಹತ್ತಿಬಟ್ಟೆಯುಟ್ಟು, ಕೊಡೆಯ ನೆರಳಿನಲ್ಲಿ ನಡೆದು ಬರುತ್ತಿದ್ದಳು. ನೋಟಕ್ಕೆ ರಾಣಿಯೆನಿಸದ ಈ ಹೆಂಗಸು ಮಾತಿಗೆ ತೊಡಗಿದೊಡನೆ ರಾಣಿಯೇ ಎಂಬುದು ಅವನಿಗೆ ಮನವರಿಕೆಯಾಯಿತು. ಯುರೋಪಿನ ಆಸ್ಥಾನಗಳ ಕಣ್ಣು ಆಕೆಯ ಉಡುಪನ್ನು ಹಗುರಾಗಿ ಕಂಡಿತು, ನಿಜ. ಆದರೂ ಕಂಡದ್ದನ್ನು ಮರೆಮಾಚದೆ ಬರೆದ ಕಾರಣ ಅವನ ಬರಹಕ್ಕೆ ಬೆಲೆಯಿದೆ. ಗಂಡನಾದ ಬಂಗರಸನನ್ನು ಆಕೆ ತೊರೆದದ್ದು, ಅವನು ಪೋರ್ಚುಗೀಸರ ಪಕ್ಷ ಹಿಡಿದಾಗ ಇಕ್ಕೇರಿಯ ವೆಂಕಟಪ್ಪ ನಾಯಕನ ನೆರವು ಪಡೆದದ್ದು, ಇವೂ ಅವನಿಂದ ತಿಳಿದುಬರುವ ಸಂಗತಿಗಳು.

ರಾಣಿಯ ವಯಸ್ಸನ್ನು ಅವನು ಸುಮಾರು ನಲವತ್ತೆಂದು ಊಹಿಸುತ್ತಾನೆ. ಈ ಊಹೆ ಹತ್ತು ವರ್ಷ ತಪ್ಪಿದ್ದರೂ 1568ರಲ್ಲಿ ಆಕೆ ಹುಟ್ಟಿಯೇ ಇರಲಿಲ್ಲ, ಇಲ್ಲವೆ ಹಸುಳೆಯಾಗಿದ್ದಳು. ಅಂದಿನ ರಾಣಿ ಬೇರೆ, ಮಣೇಲಿನ ಅಬ್ಬಕ್ಕದೇವಿ ಬೇರೆ ಎಂದೇ ಹೇಳಬೇಕಾಗುತ್ತದೆ. ಜನಕಥನದಲ್ಲಿ ಮಾತ್ರ ಎರಡು ತಲೆಮಾರುಗಳ ಹೋರಾಟ ಒಬ್ಬಳದೇ ಬಾಳಾಗಿ ಬೆಸೆದುಕೊಂಡಿದೆ. ಉಳ್ಳಾಲದ ಕಂಚಿನ ಪ್ರತಿಮೆಯೂ ಒಂದೇ.

ಈ ಬೆಸುಗೆ ಈಚಿನದೆಂದು ಭಾವಿಸಬೇಕಾಗಿಲ್ಲ. ರಾಣಿ ಬಹಳ ಮುದುಕಿಯೆಂದು ಪೋರ್ಚುಗೀಸರು ತನಗೆ ಹೇಳಿದ್ದರೆಂದು ದೆಲ್ಲಾ ವಾಲೆ ಅಲ್ಲಿಯೇ ಬರೆದಿದ್ದಾನೆ. ಹಿಂದಿನ ವೈರಿಯ ವಯಸ್ಸನ್ನು ಅವರು ಈಕೆಗೆ ಕೂಡಿಸಿಬಿಟ್ಟಿದ್ದರೆಂದು ತೋರುತ್ತದೆ.