ಪಾನಕದ ಪರಂಪರೆಯಲ್ಲಿ ತಣ್ಣನೆಯ ಕಾಫಿ: ಮೂರ್ನಾಡಿನ ನೆಲೆಯಿಂದ ಒಂದು ಅವಲೋಕನ

ಕನ್ನಡ ನಾಡಿನ ಆಹಾರ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ಅನ್ನ, ಭಕ್ಷ್ಯ, ವ್ಯಂಜನಗಳಿಗೆ ದೊರೆತಿರುವ ಸ್ಥಾನ ಪಾನೀಯಗಳಿಗೆ ದೊರೆತಿಲ್ಲ. ಕುಡಿಯುವ ವಸ್ತು ಲೋಟ ಬರಿದಾದೊಡನೆ ಮರೆತುಹೋಗುವಂಥದು ಎಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ಹಾದಿಯಲ್ಲಿರುವ ಮೂರ್ನಾಡು ಕಾಫಿ ತೋಟಗಳ ನಡುವಿನ ಊರು. ಸಮೀಪದಲ್ಲೇ ಬಲಮುರಿ, ಮುಂದೆ ಬೇತ್ರಿಯಲ್ಲಿ ಕಾವೇರಿಗೆ ಸೇತುವೆ. ಕೊಯ್ಲು ಮುಗಿದು ಹೂಮಳೆಗೆ ಕಾಯುವ ಬೇಸಗೆಯ ದಿನಗಳಲ್ಲಿ ಇಂಥ ಊರುಗಳ ಮನೆಗಳಲ್ಲಿ ಈಗ ಮಂಜುಗಡ್ಡೆ ಹಾಕಿದ, ಏಲಕ್ಕಿಯ ಪರಿಮಳ ಬೆರೆತ ಕಾಫಿಯೂ ಅತಿಥಿಗಳ ಮುಂದೆ ಬರುತ್ತದೆ. ಇದನ್ನು ನಗರದ ಕೆಫೆಗಳಿಂದ ಮೇಲೇರಿ ಬಂದ ಹೊಸ ರೂಢಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಅಂಗಗಳನ್ನು ಬಿಡಿಸಿ ನೋಡಿದರೆ ಬೇರೆಯೇ ಒಂದು ಚಿತ್ರ ಕಾಣಿಸುತ್ತದೆ.

ತಂಪು, ಸಿಹಿ, ಪರಿಮಳ ಈ ಮೂರನ್ನು ಒಂದೇ ಪಾತ್ರೆಯಲ್ಲಿ ಕೂಡಿಸುವ ಕಲೆ ಕನ್ನಡಿಗರಿಗೆ ಹೊಸತಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಪಾನೀಯಭೋಗವೆಂಬ ಪ್ರತ್ಯೇಕ ಪ್ರಕರಣವೇ ಇದ್ದು, ಕುಡಿಯುವ ನೀರಿನ ಮೂಲಗಳನ್ನೂ ಅದಕ್ಕೆ ಪರಿಮಳ ಕೊಡುವ ವಿಧಾನವನ್ನೂ ಅರಸನ ಭೋಗಗಳಲ್ಲಿ ಎಣಿಸಲಾಗಿದೆ. ಅದಕ್ಕೂ ಒಂದು ಶತಮಾನ ಮೊದಲು, 1025ರ ಸುಮಾರಿಗೆ, ಚಾವುಂಡರಾಯನು 'ಲೋಕೋಪಕಾರ'ದಲ್ಲಿ ಅಡುಗೆಯನ್ನೂ ಗಂಧದ್ರವ್ಯಗಳನ್ನೂ ಜನಸಾಮಾನ್ಯರಿಗೆ ಉಪಯುಕ್ತವಾದ ವಿದ್ಯೆಗಳ ಸಾಲಿನಲ್ಲಿಟ್ಟಿದ್ದನು.

ಕೊಡಗಿನ ದೃಷ್ಟಿಯಿಂದ ಹೆಚ್ಚು ಮಹತ್ವದ ಹೆಸರು ಮೂರನೆಯ ಮಂಗರಸನದು. ಚೆಂಗಾಳ್ವರ ಸಚಿವಕುಲದಲ್ಲಿ ಹುಟ್ಟಿದ, ಕಲ್ಲಹಳ್ಳಿಯ ಈ ಜೈನ ಕವಿ 16ನೆಯ ಶತಮಾನದ ಆರಂಭದಲ್ಲಿ ಬಾಳಿದವನು. ಚೆಂಗಾಳ್ವರ ಆಳ್ವಿಕೆ ಮೈಸೂರು ಸೀಮೆಯ ಪಶ್ಚಿಮ ಭಾಗ ಮತ್ತು ಕೊಡಗಿನ ಪೂರ್ವ ಭಾಗಗಳನ್ನು ಒಳಗೊಂಡಿತ್ತು. 'ನೇಮಿಜಿನೇಶ ಸಂಗತಿ', 'ಸಮ್ಯಕ್ತ್ವ ಕೌಮುದಿ'ಗಳನ್ನು ಬರೆದ ಕೈಯೇ ವಾರ್ಧಕ ಷಟ್ಪದಿಯಲ್ಲಿ 'ಸೂಪಶಾಸ್ತ್ರ'ವನ್ನೂ ಬರೆಯಿತು. ಅದರಲ್ಲಿ ಹಿಟ್ಟಿನ ತಿನಿಸು, ಅನ್ನ, ಶಾಕಗಳ ಜೊತೆಗೆ ಪಾನಕಗಳಿಗೂ ಸ್ಥಾನವಿದೆ. ಕೊಡಗಿನ ಗಡಿಗೆ ಇಷ್ಟು ಸಮೀಪದಲ್ಲಿ, ಕಾಫಿ ಬರುವುದಕ್ಕೆ ಬಹುಕಾಲ ಮೊದಲೇ, ಪಾನೀಯವನ್ನು ಹದವರಿತು ಮಾಡುವುದು ಶಾಸ್ತ್ರವೆಂದೂ ಕಾವ್ಯವಸ್ತುವೆಂದೂ ಗಣಿತವಾಗಿತ್ತು ಎಂಬುದು ಗಮನಾರ್ಹ.

ಈ ಪರಂಪರೆಗೆ ಎರಡು ವಸ್ತುಗಳು ತಡವಾಗಿ ಬಂದು ಸೇರಿದವು: ಕಾಫಿ ಮತ್ತು ಮಂಜುಗಡ್ಡೆ. ಬಾಬಾ ಬುಡನ್ ಅವರು 17ನೆಯ ಶತಮಾನದಲ್ಲಿ ಯೆಮೆನಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ಪ್ರಸಿದ್ಧವಾದುದು. ಕೊಡಗಿನಲ್ಲಿ ಕಾಫಿಯು ದೊಡ್ಡ ವಾಣಿಜ್ಯ ಬೆಳೆಯಾದದ್ದು 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ನಾಡನ್ನು ವಶಪಡಿಸಿಕೊಂಡ ಮೇಲೆ. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ನನು ಮಡಿಕೇರಿಯಲ್ಲಿ ತೋಟವನ್ನು ತೆರೆದನು. ಬಳಿಕ ಯುರೋಪಿಯನ್ ತೋಟಗಳ ಸಂಖ್ಯೆ ವೇಗವಾಗಿ ಏರಿತು. 1860ರ ದಶಕದಲ್ಲಿ ಕಾಂಡಕೊರಕ ಹುಳು ಅನೇಕ ತೋಟಗಳನ್ನು ನಾಶಮಾಡಿದರೂ ಬೆಳೆ ಉಳಿಯಿತು. ನೆರಳಿನ ಮರಗಳ ಕೆಳಗೆ ಕಾಫಿ, ಆ ಮರಗಳಿಗೆ ಹಬ್ಬಿದ ಕಾಳುಮೆಣಸು, ತೇವದ ತಗ್ಗುಗಳಲ್ಲಿ ಏಲಕ್ಕಿ, ನಡುನಡುವೆ ಕಿತ್ತಳೆ ಎಂಬ ಕೊಡಗಿನ ತೋಟದ ವಿನ್ಯಾಸ ಕ್ರಮೇಣ ರೂಪುಗೊಂಡಿತು. ಕಾಫಿಗೆ ಪರಿಮಳ ಕೊಡುವ ಸಾಮಗ್ರಿಗಳು ಒಂದೇ ಬೇಲಿಯೊಳಗೆ ಬೆಳೆಯುವ ನಾಡು ಇದು.

ಮಂಜುಗಡ್ಡೆಯ ಕಥೆ ಇನ್ನೂ ವಿಚಿತ್ರ. ಅಕ್ಬರನ ಆಸ್ಥಾನದಲ್ಲಿ ಪೆಟ್ಲುಪ್ಪಿನಿಂದ ನೀರನ್ನು ತಣ್ಣಗಾಗಿಸುತ್ತಿದ್ದುದನ್ನು 'ಐನ್-ಇ-ಅಕ್ಬರಿ' ದಾಖಲಿಸಿದೆ. 1833ರಲ್ಲಿ ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಅಮೆರಿಕದ ಕೆರೆಗಳಿಂದ ಕೊಯ್ದ ಮಂಜುಗಡ್ಡೆಯನ್ನು ಹಡಗಿನಲ್ಲಿ ಕಲ್ಕತ್ತೆಗೆ ಕಳುಹಿಸಿದನು. ಮದರಾಸಿನ ಕಡಲತೀರದಲ್ಲಿ ಅದೇ ವ್ಯಾಪಾರಕ್ಕಾಗಿ ಕಟ್ಟಿದ ಐಸ್ ಹೌಸ್, ಮುಂದೆ ಸ್ವಾಮಿ ವಿವೇಕಾನಂದರು ತಂಗಿದ್ದ ಕಾರಣದಿಂದ ವಿವೇಕಾನಂದ ಭವನವಾಯಿತು. ಹೀಗೆ ಬಂದ ಹಿಮ ಬಂದರು ಪಟ್ಟಣಗಳ ಶ್ರೀಮಂತರದಾಗಿತ್ತು. ಭಾರತದಲ್ಲಿ ಗೋದ್ರೇಜ್ ಸಂಸ್ಥೆ ರೆಫ್ರಿಜರೇಟರ್ ತಯಾರಿಸತೊಡಗಿದ್ದು 1958ರಲ್ಲಿ; ಅದು ಹಳ್ಳಿಯ ಮನೆಗಳನ್ನು ಸೇರಲು ಇನ್ನೂ ಹಲವು ದಶಕಗಳು ಬೇಕಾದವು. ತಣ್ಣನೆಯ ಸಿಹಿಕಾಫಿಯ ಮೂಲವನ್ನು ಸಾಮಾನ್ಯವಾಗಿ 1840ರಲ್ಲಿ ಅಲ್ಜೀರಿಯದ ಮಜಗ್ರಾನ್ ಕೋಟೆಯಲ್ಲಿದ್ದ ಫ್ರೆಂಚ್ ಸೈನಿಕರಿಗೆ ಸಲ್ಲಿಸುತ್ತಾರೆ. ನೊರೆಯೆಬ್ಬಿಸಿದ ಫ್ರಾಪೆ ಗ್ರೀಸಿನ ಥೆಸಲೋನಿಕಿಯಲ್ಲಿ 1957ರಲ್ಲಿ ಹುಟ್ಟಿತು.

ಈ ನಡುವೆ ಕೊಡಗಿನ ಮನೆಗಳು ತಮ್ಮದೇ ಪರಿಮಳದ ಕಾಫಿಯನ್ನು ಕಂಡುಕೊಂಡಿದ್ದವು. ಅದು ಬೆಲ್ಲದ ಕಾಫಿ: ಕುದಿಯುವ ನೀರಿಗೆ ಕಾಫಿಪುಡಿ, ಬೆಲ್ಲ, ಮಳೆಗಾಲದಲ್ಲಿ ಶುಂಠಿ, ಮೆಣಸು. ಇದಕ್ಕೆ ಹಾಲು ಹಾಕದಿರುವುದನ್ನು ಬಡತನದ ಗುರುತೆಂದು ತಿಳಿಯಬೇಕಾಗಿಲ್ಲ. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಅದು ಒಡೆಯುವ ಸಂಭವವುಂಟು. ಹಾಲಿಲ್ಲದ ಕಾಫಿ ಆ ಅನುಭವದ ಫಲವೂ ಹೌದು.

ಆದರೆ ಬೆಳೆದವನಿಗೂ ಬೆಳೆಗೂ ನಡುವಣ ಸಂಬಂಧ ಅಷ್ಟು ಸರಳವಾಗಿರಲಿಲ್ಲ. ಅರಸರ ಕಾಲದಲ್ಲಿ ಏಲಕ್ಕಿ ರಾಜಸ್ವಾಮ್ಯದ ಸರಕಾಗಿತ್ತು. ಎರಡನೆಯ ಮಹಾಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ 1940ರ ಸುಗ್ರೀವಾಜ್ಞೆಯೂ 1942ರ ಕಾಯಿದೆಯೂ ಕಾಫಿಯನ್ನು ಒಂದು ಸಾಮೂಹಿಕ ಸಂಗ್ರಹಕ್ಕೆ ಒಳಪಡಿಸಿದವು. ಬೆಳೆಗಾರನು ಮನೆಬಳಕೆಗೂ ಬಿತ್ತನೆಗೂ ಅನುಮತಿಸಿದಷ್ಟನ್ನು ಇಟ್ಟುಕೊಂಡು ಉಳಿದುದನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕಾಗಿತ್ತು. ಹಣ ಕಂತುಗಳಲ್ಲಿ ಬರುತ್ತಿತ್ತು. ಬೆಲೆಕುಸಿತದ ಸಂಕಟದಿಂದ ಪಾರುಮಾಡಿದ ವ್ಯವಸ್ಥೆಯೆಂದು ಅದನ್ನು ಹೊಗಳಿದವರೂ ಇದ್ದಾರೆ, ತೋಟದವನ ಕೈ ಕಟ್ಟಿದ ವ್ಯವಸ್ಥೆಯೆಂದು ತೆಗಳಿದವರೂ ಇದ್ದಾರೆ. ಎರಡು ಮಾತಿನಲ್ಲೂ ಸತ್ಯವಿದೆ. ಪಾನೀಯದ ಚರಿತ್ರೆಗೆ ಮುಖ್ಯವಾದ ಸಂಗತಿ ಬೇರೆ: ಆರಿಸಿದ, ಉತ್ತಮ ದರ್ಜೆಯ ಕಾಳು ಯಾವ ತೋಟದ್ದೆಂಬ ಗುರುತು ಆ ಸಂಗ್ರಹದಲ್ಲಿ ಅಳಿಸಿಹೋಗುತ್ತಿತ್ತು. ತನ್ನ ಕಾಫಿಯ ರುಚಿಯೇನೆಂದು ಹೆಸರಿಟ್ಟು ಹೇಳುವ ಸಂದರ್ಭವೇ ಬೆಳೆಗಾರನಿಗೆ ಒದಗುತ್ತಿರಲಿಲ್ಲ.

ಅದೇ ಕಾಲದಲ್ಲಿ ನಗರಗಳಲ್ಲಿ ಕಾಫಿಯ ಬೇರೊಂದು ಲೋಕ ತೆರೆದುಕೊಂಡಿತು. 1936ರಲ್ಲಿ ಮುಂಬಯಿಯಲ್ಲಿ ಆರಂಭವಾದ ಇಂಡಿಯಾ ಕಾಫಿ ಹೌಸ್ ಬಳಿಕ ದೇಶದಲ್ಲೆಲ್ಲ ಹರಡಿತು. ಮಂಡಳಿ ಅವನ್ನು ಮುಚ್ಚಹೊರಟಾಗ 1957ರಲ್ಲಿ ಬೆಂಗಳೂರಿನಿಂದ ಮೊದಲ್ಗೊಂಡು ನೌಕರರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ತಣ್ಣನೆಯ ಕಾಫಿಯನ್ನು ಅನೇಕ ಭಾರತೀಯರಿಗೆ ಪರಿಚಯಿಸಿದ್ದು ಈ ಕಾಫಿ ಹೌಸುಗಳೇ. ಸಾಮೂಹಿಕ ಸಂಗ್ರಹದ ಕಟ್ಟುಪಾಡು 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ಣವಾಗಿ ತೊಲಗಿತು. ಅದೇ ವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಚಿಕ್ಕಮಗಳೂರು ಮೂಲದ ಕೆಫೆ ಕಾಫಿ ಡೇ ತನ್ನ ಮೊದಲ ಅಂಗಡಿಯನ್ನು ತೆರೆಯಿತು. ತೋಟದಿಂದ ಲೋಟದವರೆಗೆ ಕಾಫಿ ಒಂದೇ ಕೈಯಲ್ಲಿ ಸಾಗಲು ಸಾಧ್ಯವಾದ ಕಾಲಕ್ಕೇ ಮಂಜುಗಡ್ಡೆಯ ಕಾಫಿ ಯುವಜನರ ಪಾನೀಯವಾದುದು ಕೇವಲ ಆಕಸ್ಮಿಕವೆನ್ನಲಾಗದು.

ಪರಿಮಳದ ವಿಷಯದಲ್ಲಿ ಕೊಡಗು ಒಂದು ಕಹಿಪಾಠವನ್ನೂ ಕಲಿಯಿತು. 2000ದ ಸುಮಾರಿಗೆ ಮಡಗಾಸ್ಕರಿನ ಚಂಡಮಾರುತದಿಂದ ವೆನಿಲ್ಲಾ ಬೆಲೆ ಗಗನಕ್ಕೇರಿದಾಗ ಕೊಡಗು, ದಕ್ಷಿಣ ಕನ್ನಡಗಳ ಅನೇಕ ರೈತರು ಆ ಬಳ್ಳಿಯನ್ನು ನೆಟ್ಟರು. ಒಂದೊಂದು ಹೂವಿಗೂ ಬೆಳಗಿನ ಹೊತ್ತು ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕಾದ ಬೆಳೆ ಅದು. ಕೆಲವೇ ವರ್ಷಗಳಲ್ಲಿ ಬೆಲೆ ಕುಸಿದು ಬಳ್ಳಿಗಳು ಅನಾಥವಾದವು. ಇಂದು ಸೀಸೆಯಲ್ಲಿ ದೊರೆಯುವ ಕೃತಕ ವೆನಿಲ್ಲಾ ರಸವನ್ನು ಕಾಫಿಗೆ ಹನಿಸುವವರು ನೆನೆಯಬೇಕಾದ ಕಥೆ ಇದು.

ಇನ್ನು ಮನೆಯಲ್ಲಿ ಇದನ್ನು ಮಾಡುವ ಕ್ರಮ. ಅದರಲ್ಲಿ ಎರಡು ಮಾರ್ಗಗಳಿವೆ. ಮೊದಲನೆಯದರಲ್ಲಿ ಫಿಲ್ಟರಿನ ಗಟ್ಟಿ ಡಿಕಾಕ್ಷನ್ ಇಳಿಸಿ ಆರಿಸಬೇಕು. ಮಂಜುಗಡ್ಡೆ ಕರಗಿ ನೀರಾಗುವುದರಿಂದ ಪುಡಿ ನಿತ್ಯಕ್ಕಿಂತ ಹೆಚ್ಚು ಬೇಕು. ಡಿಕಾಕ್ಷನ್ನನ್ನೇ ಗಡ್ಡೆಕಟ್ಟಿಸಿ ಬಳಸಿದರೆ ರುಚಿ ತೆಳುವಾಗದು. ಎರಡನೆಯದರಲ್ಲಿ ಬೆಂಕಿಯೇ ಬೇಡ. ತರಿತರಿಯಾಗಿ ಬೀಸಿದ 100 ಗ್ರಾಂ ಪುಡಿಯನ್ನು 800 ಮಿಲಿಲೀಟರ್ ತಣ್ಣೀರಿನಲ್ಲಿ 12ರಿಂದ 16 ಗಂಟೆ ನೆನೆಸಿ ಬಟ್ಟೆಯಲ್ಲಿ ಸೋಸಿದರೆ ಹುಳಿ ಕಡಿಮೆಯಿರುವ ಸೌಮ್ಯ ಸಾರ ದೊರೆಯುತ್ತದೆ. ಬೆಲ್ಲ ತಣ್ಣನೆಯ ದ್ರವದಲ್ಲಿ ಬೇಗ ಕರಗದ ಕಾರಣ ಅದನ್ನು ಮೊದಲೇ ಸ್ವಲ್ಪ ನೀರಿನಲ್ಲಿ ಕಾಯಿಸಿ, ಜಜ್ಜಿದ ಏಲಕ್ಕಿ ಹಾಕಿ ಸೋಸಿ ತಣಿಸಿಟ್ಟುಕೊಳ್ಳಬೇಕು. ತಂಪಿನಲ್ಲಿ ನಾಲಗೆಗೆ ಸಿಹಿಯೂ ಮೂಗಿಗೆ ಪರಿಮಳವೂ ಮಂದವಾಗುವುದರಿಂದ ಎರಡನ್ನೂ ತುಸು ಹೆಚ್ಚಿಸುವುದು ಹದ. ಹಾಲು ಬೆರೆಸುವುದಾದರೆ ಅದೂ ಚೆನ್ನಾಗಿ ತಣ್ಣಗಿರಬೇಕು. ಹಾಲು, ಮಂಜುಗಡ್ಡೆಗಳ ನಡುವೆಯೂ ರೊಬಸ್ಟಾದ ಕಹಿ ತಲೆಯೆತ್ತಿ ನಿಲ್ಲುತ್ತದೆ. ಅರೇಬಿಕಾದ ಸೂಕ್ಷ್ಮ ಪರಿಮಳಕ್ಕೆ ಹಾಲಿಲ್ಲದ ಪಾನೀಯವೇ ಒಪ್ಪುತ್ತದೆ.

'ಕೂರ್ಗ್ ಅರೇಬಿಕಾ' ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಲಭಿಸಿತು. ಸಂಗ್ರಹದ ರಾಶಿಯಲ್ಲಿ ಅಳಿಸಿಹೋಗಿದ್ದ ನೆಲದ ಹೆಸರು ಹೀಗೆ ಕಾನೂನಿನ ಮೂಲಕ ಮರಳಿತು. ಆದರೆ ಹೆಸರು ಮಾರುಕಟ್ಟೆಯ ಚೀಲದ ಮೇಲಷ್ಟೇ ಉಳಿದರೆ ಸಾಲದು. ಮಂಗರಸನಂಥವರು ಪಾನಕದ ಹದವನ್ನು ಪದ್ಯದಲ್ಲಿ ಕಟ್ಟಿಟ್ಟಿದ್ದರಿಂದ ಐದು ಶತಮಾನಗಳ ಹಿಂದಿನ ಅಡುಗೆಮನೆ ನಮಗೆ ಇಂದು ತಿಳಿಯುತ್ತದೆ. ಬೆಲ್ಲದ ಕಾಫಿಯ ಹದವಾಗಲಿ, ಅದರ ತಣ್ಣನೆಯ ಹೊಸ ರೂಪವಾಗಲಿ ಅಂಥ ದಾಖಲೆಯನ್ನು ಇನ್ನೂ ಬೇಡುತ್ತಿವೆ. ಮೂರ್ನಾಡಿನಂಥ ಊರುಗಳ ಹಿರಿಯ ಗೃಹಿಣಿಯರ ಮಾತುಗಳನ್ನು ಕೇಳಿ, ಅಳತೆ ಹದಗಳ ಸಹಿತ ಬರೆದಿಡುವ ಕೆಲಸ ಕನ್ನಡ ಅಧ್ಯಯನದ ವಿದ್ಯಾರ್ಥಿಗಳಿಗೆ ತೆರೆದಿದೆ. ಸೂಪಶಾಸ್ತ್ರದ ಪರಂಪರೆ ಮುಂದುವರಿಯುವುದು ಇಂಥ ಬರವಣಿಗೆಯಿಂದಲೇ.