ಚಿಕಿತ್ಸಾಪರೀಕ್ಷೆಗಳಲ್ಲಿ ಫಲನಿರ್ಣಯ

ಒಂದು ಚಿಕಿತ್ಸೆಯು ಫಲಿಸಿತೆಂದು ಹೇಳುವಾಗ ಫಲವೆಂಬ ಶಬ್ದದಿಂದ ಏನನ್ನು ಗ್ರಹಿಸಬೇಕೆಂಬ ಪ್ರಶ್ನೆಯು ನೋಟಕ್ಕೆ ಸುಲಭವಾದರೂ ವಿಚಾರಕ್ಕೆ ಕಠಿನವಾದುದು. ರೋಗಚಿಹ್ನೆ ಅಡಗಿದುದು ಫಲವೇ, ರೋಗಿಗೆ ಸುಖವಾದುದು ಫಲವೇ, ಅಥವಾ ಅವನ ಆಯುಸ್ಸು ಉಳಿದುದು ಫಲವೇ? ಕಳೆದ ಶತಮಾನದಲ್ಲಿ ನಡೆದ ಮೂರು ಪ್ರಸಿದ್ಧ ಪರೀಕ್ಷೆಗಳನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ವೈದ್ಯನು ಕರ್ಮಾರಂಭಕ್ಕೆ ಮೊದಲು ಅರಿಯಬೇಕಾದ ಹತ್ತು ವಿಷಯಗಳು ಪರಿಗಣಿತವಾಗಿವೆ. ಅವುಗಳಲ್ಲಿ ಕಾರ್ಯ, ಕಾರ್ಯಫಲ, ಅನುಬಂಧ ಎಂಬ ಮೂರು ನಮಗೆ ಇಲ್ಲಿ ಉಪಯುಕ್ತವಾಗಿವೆ. ಧಾತುಸಾಮ್ಯವು ಕಾರ್ಯ, ವೇದನಾಶಮನ, ಸ್ವರವರ್ಣಗಳ ಸ್ವಾಸ್ಥ್ಯ, ಶರೀರೋಪಚಯ, ಬಲವೃದ್ಧಿ, ಅನ್ನಾಭಿಲಾಷೆ, ಸಕಾಲದ ನಿದ್ರೆ ಮೊದಲಾದವು ಅದರ ಗುರುತುಗಳು. ಸುಖಪ್ರಾಪ್ತಿಯು ಕಾರ್ಯಫಲ. ಆಯುಸ್ಸು ಅನುಬಂಧ, ಅನುಬಂಧವೆಂದರೆ ಕಾರ್ಯದ ಉತ್ತರಕಾಲದಲ್ಲಿ ಕರ್ತೃವನ್ನು ತಪ್ಪದೆ ಹಿಂಬಾಲಿಸುವ ಶುಭವೋ ಅಶುಭವೋ ಆದ ಪರಿಣಾಮ. ಇದರಿಂದ ಆಧುನಿಕ ಪರೀಕ್ಷಾಕ್ರಮವು ಪ್ರಾಚೀನರಿಗೆ ತಿಳಿದಿದ್ದಿತೆಂದು ಸಾಧಿಸಹೊರಡುವುದು ಅತಿಪ್ರಸಂಗವಾದೀತು. ರೋಗಿಗಳನ್ನು ಎರಡು ಗುಂಪುಮಾಡಿ ಹೋಲಿಸುವ ವಿಧಾನವು ಅಲ್ಲಿಲ್ಲ. ಆದರೆ ಮೂರು ಫಲಗಳು ಬೇರೆ ಬೇರೆಯೆಂಬ ವಿವೇಕವು ಅಲ್ಲಿ ಸ್ಪಷ್ಟವಾಗಿದೆ.

ಮೊದಲನೆಯ ಪರೀಕ್ಷೆಯು ಇಂಗ್ಲೆಂಡಿನದು. ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಲಿಯು ಕ್ಷಯರೋಗದಲ್ಲಿ ಸ್ಟ್ರೆಪ್ಟೊಮೈಸಿನ್ ಔಷಧದ ಗುಣವನ್ನು ಪರೀಕ್ಷಿಸಿ 1948ರಲ್ಲಿ ವರದಿಯನ್ನು ಪ್ರಕಟಿಸಿತು. ಔಷಧ ಪಡೆದವರು 55 ಮಂದಿ. ಕೇವಲ ಶಯ್ಯಾವಿಶ್ರಾಂತಿ ಪಡೆದವರು 52 ಮಂದಿ. ಎಕ್ಸ್‌ರೇ ಚಿತ್ರಗಳನ್ನು ಮೂವರು ತಜ್ಞರು, ಯಾವ ಚಿತ್ರ ಯಾವ ಗುಂಪಿನದೆಂದು ತಿಳಿಯದೆ, ಪ್ರತ್ಯೇಕವಾಗಿ ಪರಿಶೀಲಿಸಿದರು. ಪಕ್ಷಪಾತವು ಕಣ್ಣಿನಲ್ಲಿಯೂ ಸೇರಬಹುದೆಂಬುದೇ ಇದಕ್ಕೆ ಕಾರಣ. ಆರು ತಿಂಗಳಿಗೆ ಮೊದಲನೆಯ ಗುಂಪಿನಲ್ಲಿ 28 ಮಂದಿಯ, ಎರಡನೆಯದರಲ್ಲಿ 4 ಮಂದಿಯ ಚಿತ್ರಗಳು ಬಹಳ ಮಟ್ಟಿಗೆ ಸುಧಾರಿಸಿದ್ದವು. ಮೃತರು ಕ್ರಮವಾಗಿ 4 ಮತ್ತು 14. ಕಾರ್ಯವೂ ಅನುಬಂಧವೂ ಇಲ್ಲಿ ಒಂದೇ ಮಾತನ್ನು ನುಡಿದವು. ಆದರೆ ರೋಗಾಣುಗಳು ಆ ಔಷಧಕ್ಕೆ ಮಣಿಯದಂತಾದುದರಿಂದ, ಐದು ವರ್ಷ ಕಳೆಯುವಷ್ಟರಲ್ಲಿ ಎರಡು ಗುಂಪುಗಳಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಗತಿಸಿದ್ದರು. ಆದಕಾರಣ ಫಲವನ್ನು ಹೇಳುವವನು ಕಾಲವನ್ನೂ ಹೇಳಬೇಕೆಂದು ಸಿದ್ಧವಾಗುತ್ತದೆ.

ಎರಡನೆಯದು ಅಮೆರಿಕದಲ್ಲಿ 1987ರಲ್ಲಿ ಆರಂಭವಾದ ಹೃದ್ರೋಗಪರೀಕ್ಷೆ. ಹೃದಯಾಘಾತದಿಂದ ಬದುಕಿದವರಲ್ಲಿ ಹೃದಯವು ತಪ್ಪುಬಡಿತಗಳನ್ನು ಬಡಿಯುತ್ತಿದ್ದರೆ ಮರಣಭೀತಿ ಅಧಿಕವೆಂಬುದು ಮೊದಲೇ ತಿಳಿದಿದ್ದಿತು. ಬಡಿತವನ್ನು ಸರಿಪಡಿಸಿದರೆ ಮರಣವೂ ತಪ್ಪೀತೆಂಬುದು ವೈದ್ಯರ ಅನುಮಾನ. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳು ತಪ್ಪುಬಡಿತಗಳನ್ನು ನಿಜವಾಗಿಯೂ ಅಡಗಿಸಿದವು. ಆದರೂ 1991ರ ವರದಿಯ ಪ್ರಕಾರ ಈ ಔಷಧಗಳನ್ನು ಪಡೆದ 755 ಮಂದಿಯಲ್ಲಿ 63 ಮಂದಿಯೂ, ಔಷಧರಹಿತ ಗುಳಿಗೆಯನ್ನು ಪಡೆದ 743 ಮಂದಿಯಲ್ಲಿ 26 ಮಂದಿಯೂ ಮೃತರಾದರು. ಅಪಾಯವು ತೋರಿದೊಡನೆಯೇ, 1989ರಲ್ಲಿ, ಈ ಔಷಧಗಳ ಪ್ರಯೋಗವನ್ನು ನಿಲ್ಲಿಸಲಾಗಿದ್ದಿತು. ಧೂಮವನ್ನು ಚದುರಿಸಿದ ಮಾತ್ರಕ್ಕೆ ಅಗ್ನಿಯು ಶಮಿಸಿತೆಂದು ನಂಬಿದಂತಾಯಿತು ಈ ಅನುಮಾನ.

ಮೂರನೆಯ ಪರೀಕ್ಷೆಯು ನಮ್ಮ ನೆರೆಯ ಮದರಾಸಿನದು. ಅಲ್ಲಿ 1956ರಲ್ಲಿ ಸ್ಥಾಪಿತವಾದ ಕ್ಷಯಚಿಕಿತ್ಸಾ ಸಂಶೋಧನಾಕೇಂದ್ರವು 193 ಮಂದಿ ಬಡರೋಗಿಗಳನ್ನು ಯಾದೃಚ್ಛಿಕವಾಗಿ ವಿಂಗಡಿಸಿ, ಕೆಲವರಿಗೆ ಆರೋಗ್ಯಧಾಮದಲ್ಲಿಯೂ ಕೆಲವರಿಗೆ ಅವರವರ ಮನೆಯಲ್ಲಿಯೂ ಒಂದು ವರ್ಷಕಾಲ ಒಂದೇ ಔಷಧಗಳನ್ನು ಕೊಟ್ಟಿತು. ಆರೋಗ್ಯಧಾಮದವರಿಗೆ ಪುಷ್ಟಿಕರವಾದ ಆಹಾರ, ವಿಶ್ರಾಂತಿ, ಶುಶ್ರೂಷೆಗಳು ದೊರೆತವು. ಮನೆಯವರಿಗೆ ಇಕ್ಕಟ್ಟಾದ ವಾಸ, ಅಲ್ಪಾಹಾರ. ಆರೋಗ್ಯಧಾಮದವರೇ ಹೆಚ್ಚು ತೂಕ ಪಡೆದರೆಂಬುದರಲ್ಲಿ ಆಶ್ಚರ್ಯವಿಲ್ಲ. ಶರೀರೋಪಚಯವನ್ನೇ ಪ್ರಮಾಣವಾಗಿ ಹಿಡಿದಿದ್ದರೆ, ಮನೆಯ ಚಿಕಿತ್ಸೆಯು ಹೀನವೆಂಬ ತೀರ್ಪು ಅಲ್ಲಿಗೇ ಮುಗಿಯುತ್ತಿದ್ದಿತು. ಆದರೆ ಪರೀಕ್ಷಕರು ಕಫದಲ್ಲಿ ರೋಗಾಣುಗಳು ಇಲ್ಲವಾದುವೇ ಎಂಬುದನ್ನು ಮುಖ್ಯಪ್ರಮಾಣವಾಗಿ ಸ್ವೀಕರಿಸಿದ್ದರು. 1959ರಲ್ಲಿ ಪ್ರಕಟವಾದ ಆ ಗಣನೆಯಲ್ಲಿ ಆರೋಗ್ಯಧಾಮದವರಲ್ಲಿ ನೂರಕ್ಕೆ 92, ಮನೆಯವರಲ್ಲಿ ನೂರಕ್ಕೆ 86 ಮಂದಿಯ ರೋಗವು ಶಾಂತವಾಗಿದ್ದಿತು. ಅಷ್ಟರಿಂದಲೇ ತೃಪ್ತರಾಗದೆ, ಮನೆಯಲ್ಲಿದ್ದ ರೋಗಿಯಿಂದ ಕುಟುಂಬದವರಿಗೆ ಅಪಾಯವು ಹೆಚ್ಚಿತೇ ಎಂದೂ ನೋಡಿದರು, ಹೆಚ್ಚಲಿಲ್ಲ. ಹಾಸಿಗೆ ದೊರೆಯದ ಅಸಂಖ್ಯ ಬಡವರಿಗೆ ಮನೆಯಲ್ಲಿಯೇ ಚಿಕಿತ್ಸೆಯು ಸಲ್ಲುವುದೆಂಬ ಧೈರ್ಯವು ಲೋಕಕ್ಕೆ ಬಂದುದು ಈ ಪ್ರಮಾಣಸ್ವೀಕಾರದಿಂದ.

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು: ಆಯುಸ್ಸೊಂದೇ ನಿಶ್ಚಿತಪ್ರಮಾಣವಾಗಿರಲು ಉಳಿದವುಗಳ ಗೊಡವೆಯೇಕೆ? ಇದು ಯುಕ್ತವಲ್ಲ. ಸಂಧಿವಾತದಿಂದ ನರಳುವವನು ಬೇಡುವುದು ವೇದನಾಶಮನವನ್ನು. ಅವನ ವಿಷಯದಲ್ಲಿ ಸುಖವೇ ಪ್ರಧಾನಫಲ, ಅದಕ್ಕೆ ಅವನ ಮಾತೇ ಸಾಕ್ಷಿ. ಎಲ್ಲಿ ಯಾವುದು ರೋಗಿಯ ಇಷ್ಟವೋ ಅಲ್ಲಿ ಅದನ್ನೇ ಅಳೆಯಬೇಕು. ಒಂದರ ಸಾಕ್ಷ್ಯವನ್ನು ಇನ್ನೊಂದಕ್ಕೆ ಪರೀಕ್ಷಿಸದೆ ಸಲ್ಲಿಸಬಾರದು.

ಇನ್ನೊಂದು ನಿಯಮವೂ ಇದರಿಂದ ಫಲಿಸುತ್ತದೆ. ಪ್ರಮಾಣವನ್ನು ಕರ್ಮಾರಂಭಕ್ಕೆ ಮೊದಲೇ ನಿಶ್ಚಯಿಸಿ ಬರೆದಿಡಬೇಕು. ಹಲವನ್ನು ಅಳೆದು, ಕೊನೆಯಲ್ಲಿ ಅನುಕೂಲವಾದುದನ್ನು ಮಾತ್ರ ಎತ್ತಿ ತೋರಿಸುವವನು ಬಾಣ ನೆಟ್ಟ ಮೇಲೆ ಗುರಿಯನ್ನು ಬರೆಯುವ ಬಿಲ್ಲುಗಾರನಂತೆ. ಈ ನಿಯಮವು ಪಾಶ್ಚಾತ್ಯವೈದ್ಯಕ್ಕೆ ಎಷ್ಟೋ ಆಯುರ್ವೇದಕ್ಕೂ ಅಷ್ಟೇ. ನಮ್ಮ ಕಷಾಯಲೇಹ್ಯಗಳನ್ನು ಪರೀಕ್ಷೆಗೆ ಒಡ್ಡುವ ವೈದ್ಯರು ಮೂರು ಫಲಗಳಲ್ಲಿ ಯಾವುದನ್ನು, ಎಷ್ಟು ಕಾಲದಲ್ಲಿ, ಯಾರ ಕಣ್ಣಿನಿಂದ ನೋಡುವೆವೆಂದು ಮೊದಲೇ ಹೇಳಲಿ. ಕಾರ್ಯಾರಂಭಕ್ಕೆ ಮೊದಲು ಫಲವನ್ನು ಅರಿಯಬೇಕೆಂದು ವಿಧಿಸಿದ ಶಾಸ್ತ್ರಕ್ಕೆ ಅದೇ ಸಲ್ಲತಕ್ಕ ಗೌರವ.