ಸಮುದ್ರ ಮತ್ತು ಆಕಾಶದಲ್ಲಿನ ಅಪರಾಧಗಳ ನ್ಯಾಯಾಧಿಕಾರ ವ್ಯಾಪ್ತಿ

ಸಮುದ್ರ ಮತ್ತು ಆಕಾಶದಲ್ಲಿನ ಅಪರಾಧಗಳ ನ್ಯಾಯಾಧಿಕಾರ ವ್ಯಾಪ್ತಿ ಎಂದರೆ ಹಡಗು ಅಥವಾ ವಿಮಾನದಲ್ಲಿ ನಡೆದ ಅಪರಾಧವನ್ನು ವಿಚಾರಿಸಿ ಶಿಕ್ಷಿಸುವ ಅಧಿಕಾರ ಯಾವ ರಾಷ್ಟ್ರಕ್ಕೆ ಸೇರಿದ್ದೆಂದು ನಿರ್ಣಯಿಸುವ ನಿಯಮಗಳ ಸಮೂಹ. ನೆಲದ ಮೇಲೆ ನಡೆದ ಅಪರಾಧವನ್ನು ಸಾಮಾನ್ಯವಾಗಿ ಆ ದೇಶದ ನ್ಯಾಯಾಲಯವೇ ವಿಚಾರಿಸುತ್ತದೆ. ಕಡಲಿನಲ್ಲಿಯಾದರೆ ಹಡಗು ಒಂದು ದೇಶದ್ದು, ಆರೋಪಿ ಇನ್ನೊಂದು ದೇಶದವನು, ಮೃತನು ಮೂರನೆಯ ದೇಶದವನು ಆಗಿರಬಹುದು. ಆಗ ಹಲವು ರಾಷ್ಟ್ರಗಳು ಏಕಕಾಲದಲ್ಲಿ ಹಕ್ಕು ಮಂಡಿಸಬಹುದು; ಯಾವ ನ್ಯಾಯಾಲಯಕ್ಕೂ ಅಧಿಕಾರವಿಲ್ಲದೆ ಆರೋಪಿಯು ಶಿಕ್ಷೆಯಿಂದ ಪಾರಾಗಲೂಬಹುದು.

ಸಮುದ್ರದ ವಲಯಗಳು

1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯು 1994ರ ನವೆಂಬರ್ 16ರಂದು ಜಾರಿಗೆ ಬಂದಿತು. ಇದರ ಪ್ರಕಾರ ಕರಾವಳಿ ರಾಷ್ಟ್ರದ ಸಾರ್ವಭೌಮತ್ವವು ತೀರದ ಆಧಾರರೇಖೆಯಿಂದ 12 ನಾಟಿಕಲ್ ಮೈಲಿಗಳವರೆಗಿನ ಪ್ರಾದೇಶಿಕ ಸಮುದ್ರಕ್ಕೆ ವಿಸ್ತರಿಸುತ್ತದೆ. ಆದರೂ ಅಲ್ಲಿ ಹಾದುಹೋಗುತ್ತಿರುವ ವಿದೇಶಿ ಹಡಗಿನೊಳಗಿನ ಅಪರಾಧದಲ್ಲಿ ಅದು ಸಾಮಾನ್ಯವಾಗಿ ಕೈಹಾಕಬಾರದು. ಅಪರಾಧದ ಪರಿಣಾಮ ಕರಾವಳಿ ರಾಷ್ಟ್ರವನ್ನು ತಟ್ಟಿದಾಗ, ಕಪ್ತಾನನೇ ನೆರವು ಕೋರಿದಾಗ, ಮಾದಕ ವಸ್ತುಗಳ ಸಾಗಣೆಯನ್ನು ತಡೆಯಬೇಕಾದಾಗ ಈ ನಿಯಮಕ್ಕೆ ವಿನಾಯಿತಿಯಿದೆ. ಮುಕ್ತ ಸಮುದ್ರದಲ್ಲಿ ಹಡಗು ತಾನು ಹಾರಿಸುವ ಧ್ವಜದ ರಾಷ್ಟ್ರಕ್ಕೆ ಅಧೀನವಾಗಿರುತ್ತದೆ. ಕಡಲ್ಗಳ್ಳತನ ಮಾತ್ರ ಇದಕ್ಕೆ ಪ್ರಮುಖ ಅಪವಾದ: ಮುಕ್ತ ಸಮುದ್ರದಲ್ಲಿ ಕಡಲ್ಗಳ್ಳರನ್ನು ಯಾವ ರಾಷ್ಟ್ರ ಬೇಕಾದರೂ ಬಂಧಿಸಿ ವಿಚಾರಿಸಬಹುದು.

ಲೋಟಸ್ ಪ್ರಕರಣ

1926ರ ಆಗಸ್ಟ್ 2ರಂದು ಫ್ರಾನ್ಸಿನ ಲೋಟಸ್ ಹಡಗು ಟರ್ಕಿಯ ಬೋಜ್-ಕುರ್ಟ್ ಹಡಗಿಗೆ ಮುಕ್ತ ಸಮುದ್ರದಲ್ಲಿ ಡಿಕ್ಕಿ ಹೊಡೆದು 8 ಮಂದಿ ಟರ್ಕಿ ಪ್ರಜೆಗಳು ಮೃತಪಟ್ಟರು. ಫ್ರೆಂಚ್ ಅಧಿಕಾರಿಯನ್ನು ಟರ್ಕಿ ವಿಚಾರಣೆಗೊಳಪಡಿಸಿದುದು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧವಲ್ಲವೆಂದು ಅಂತರರಾಷ್ಟ್ರೀಯ ನ್ಯಾಯದ ಶಾಶ್ವತ ನ್ಯಾಯಾಲಯವು 1927ರಲ್ಲಿ ತೀರ್ಪಿತ್ತಿತು. ನ್ಯಾಯಾಧೀಶರ ಮತಗಳು ಸಮನಾದುದರಿಂದ ಅಧ್ಯಕ್ಷರ ನಿರ್ಣಾಯಕ ಮತವೇ ಇದನ್ನು ತೀರ್ಮಾನಿಸಿತು. ಮುಂದಿನ ಒಡಂಬಡಿಕೆಗಳು ಈ ನಿಲುವನ್ನು ಬದಲಿಸಿದವು. ಈಗ ಮುಕ್ತ ಸಮುದ್ರದ ಡಿಕ್ಕಿ ಮತ್ತಿತರ ನೌಕಾಯಾನ ಅವಘಡಗಳಲ್ಲಿ ಆರೋಪಿಯಾದ ನಾವಿಕನನ್ನು ಆತನ ಹಡಗಿನ ಧ್ವಜ ರಾಷ್ಟ್ರ ಅಥವಾ ಆತನ ಸ್ವಂತ ರಾಷ್ಟ್ರ ಮಾತ್ರ ವಿಚಾರಿಸಬಹುದು.

ವಿಮಾನದಲ್ಲಿನ ಅಪರಾಧಗಳು

ಸಾಗರದ ಮೇಲೆ ಹಾರುತ್ತಿದ್ದ ವಿಮಾನದಲ್ಲಿ ಹಲ್ಲೆ ನಡೆಸಿದವನನ್ನು ಶಿಕ್ಷಿಸಲು ತನಗೆ ಅಧಿಕಾರವಿಲ್ಲವೆಂದು ಅಮೆರಿಕದ ನ್ಯಾಯಾಲಯವೊಂದು 1950ರಲ್ಲಿ ಹೇಳಿತು. ವಿಮಾನವು ಕಾನೂನಿನಲ್ಲಿ ಹೇಳಿರುವ ಹಡಗಲ್ಲ ಎಂಬುದು ಅದಕ್ಕೆ ಕಾರಣ. ಅಮೆರಿಕದ ಸಂಸತ್ತು 1952ರಲ್ಲಿ ಕಾನೂನನ್ನು ತಿದ್ದಿತು. ಅಂತರರಾಷ್ಟ್ರೀಯ ಮಟ್ಟದಲ್ಲಿ ಈ ಕೊರತೆಯನ್ನು ನೀಗಿಸಿದ್ದು 1963ರ ಟೋಕಿಯೊ ಒಡಂಬಡಿಕೆ. ಅದು ವಿಮಾನ ನೋಂದಣಿಯಾದ ರಾಷ್ಟ್ರಕ್ಕೆ ವಿಚಾರಣಾಧಿಕಾರವನ್ನೂ, ಅಪಾಯಕಾರಿ ಪ್ರಯಾಣಿಕನನ್ನು ನಿರ್ಬಂಧಿಸಿ ಇಳಿಸುವ ಅಧಿಕಾರವನ್ನು ವಿಮಾನದ ಕಮಾಂಡರನಿಗೂ ನೀಡಿತು. ವಿಮಾನಾಪಹರಣ ಕುರಿತ 1970ರ ಹೇಗ್ ಒಡಂಬಡಿಕೆಯಂತೆ ಆರೋಪಿ ಸಿಕ್ಕಿದ ರಾಷ್ಟ್ರವು ಆತನನ್ನು ಹಸ್ತಾಂತರಿಸಬೇಕು, ಇಲ್ಲವೇ ತನ್ನ ಕಾನೂನಿನಂತೆ ಕ್ರಮ ಜರುಗಿಸಬೇಕು. 2014ರ ಮಾಂಟ್ರಿಯಲ್ ಪ್ರೋಟೊಕಾಲ್, ಅದನ್ನು ಅಂಗೀಕರಿಸಿದ ರಾಷ್ಟ್ರಗಳ ನಡುವೆ, ವಿಮಾನ ಇಳಿಯುವ ರಾಷ್ಟ್ರಕ್ಕೂ ಅಧಿಕಾರವನ್ನು ವಿಸ್ತರಿಸಿತು.

ಭಾರತದ ಕಾನೂನು

ಭಾರತದಲ್ಲಿ ನೋಂದಣಿಯಾದ ಹಡಗು ಅಥವಾ ವಿಮಾನ ಎಲ್ಲೇ ಇರಲಿ, ಅದರಲ್ಲಿ ಯಾರೇ ಅಪರಾಧವೆಸಗಿದರೂ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಹಿಂದಿನ ಭಾರತೀಯ ದಂಡ ಸಂಹಿತೆಯ 4ನೇ ಪ್ರಕರಣದಲ್ಲಿಯೂ ಇದೇ ನಿಯಮವಿತ್ತು. ದೇಶದ ಹೊರಗೆ ನಡೆದ ಇಂತಹ ಅಪರಾಧದ ವಿಚಾರಣೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಅಗತ್ಯ. ಇದಲ್ಲದೆ 1975ರ ಟೋಕಿಯೊ ಒಡಂಬಡಿಕೆ ಅಧಿನಿಯಮ, 2016ರ ವಿಮಾನಾಪಹರಣ ತಡೆ ಅಧಿನಿಯಮ ಮತ್ತು 2022ರ ಕಡಲ್ಗಳ್ಳತನ ತಡೆ ಅಧಿನಿಯಮಗಳಿವೆ.

ಎನ್ರಿಕಾ ಲೆಕ್ಸಿ ಪ್ರಕರಣ

2012ರ ಫೆಬ್ರವರಿ 15ರಂದು ಕೇರಳ ತೀರದಿಂದ ಸುಮಾರು 20.5 ನಾಟಿಕಲ್ ಮೈಲಿ ದೂರದಲ್ಲಿ, ಇಟಲಿಯ ಎನ್ರಿಕಾ ಲೆಕ್ಸಿ ತೈಲ ಹಡಗಿನಲ್ಲಿದ್ದ ಇಟಲಿಯ ನೌಕಾ ಯೋಧರು ಹಾರಿಸಿದ ಗುಂಡಿಗೆ ಸೇಂಟ್ ಆಂಟನಿ ದೋಣಿಯ ಇಬ್ಬರು ಭಾರತೀಯ ಮೀನುಗಾರರು ಬಲಿಯಾದರು. ಕೇರಳ ಪೊಲೀಸರು ಇಬ್ಬರು ಯೋಧರನ್ನು ಬಂಧಿಸಿದರು. ಘಟನೆ ಪ್ರಾದೇಶಿಕ ಸಮುದ್ರದ ಆಚೆ ನಡೆದುದರಿಂದ ರಾಜ್ಯಕ್ಕೆ ಅಧಿಕಾರವಿಲ್ಲ, ಕೇಂದ್ರವು ವಿಶೇಷ ನ್ಯಾಯಾಲಯ ಸ್ಥಾಪಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2013ರ ಜನವರಿಯಲ್ಲಿ ಹೇಳಿತು. ವಿವಾದವು ಮುಂದೆ ಅಂತರರಾಷ್ಟ್ರೀಯ ಪಂಚಾಯ್ತಿ ನ್ಯಾಯಮಂಡಳಿಯ ಮುಂದೆ ಹೋಯಿತು. ಗುಂಡಿನ ದಾಳಿಯು ನೌಕಾಯಾನ ಅವಘಡವಲ್ಲ, ಎರಡೂ ರಾಷ್ಟ್ರಗಳಿಗೆ ಅಧಿಕಾರವ್ಯಾಪ್ತಿಯಿದೆ ಎಂದು 2020ರಲ್ಲಿ ಒಪ್ಪಿದ ಮಂಡಳಿಯು, ಯೋಧರು ಇಟಲಿ ಸರ್ಕಾರದ ಅಧಿಕಾರಿಗಳಾಗಿ ವರ್ತಿಸಿದ್ದರಿಂದ ಅವರಿಗೆ ವಿನಾಯಿತಿಯಿದೆಯೆಂದೂ, ಭಾರತಕ್ಕೆ ಪರಿಹಾರ ಸಲ್ಲಬೇಕೆಂದೂ ತೀರ್ಪಿತ್ತಿತು. ಇಟಲಿ 10 ಕೋಟಿ ರೂಪಾಯಿ ಪರಿಹಾರ ನೀಡಿದ ಬಳಿಕ, 2021ರ ಜೂನ್ 15ರಂದು ಸರ್ವೋಚ್ಚ ನ್ಯಾಯಾಲಯವು ಭಾರತದಲ್ಲಿನ ಮೊಕದ್ದಮೆಯನ್ನು ಮುಕ್ತಾಯಗೊಳಿಸಿತು. ಮೃತರ ಕುಟುಂಬಗಳಿಗೆ ತಲಾ 4 ಕೋಟಿ ಹಾಗೂ ದೋಣಿಯ ಮಾಲೀಕರಿಗೆ 2 ಕೋಟಿ ರೂಪಾಯಿ ನಿಗದಿಯಾಯಿತು. ಗುಂಡು ಹಾರಿಸಿದವರ ತಪ್ಪೊಪ್ಪುಗಳ ವಿಚಾರಣೆ ಭಾರತದ ಯಾವ ನ್ಯಾಯಾಲಯದಲ್ಲಿಯೂ ಪೂರ್ಣಗೊಳ್ಳಲಿಲ್ಲ.